ವೇಲ್ಸ್‌ನ ‘ಕರ್ನಾಟಕ’ ಮತ್ತು ಕಾಕನಕೋಟೆಯ ಒಂದು ಕ್ಯಾಸೆಟ್ಟು

2004ನೇ ಇಸವಿ ಇರಬೇಕು. ನಾನು, ನನ್ನ ಗೆಳೆಯ ಇಬ್ಬರೂ ಹುಣಸೂರಿನಿಂದ ಮೈಸೂರಿಗೆ ಹೋಗಿದ್ದೆವು. ಅಲ್ಲಿ ಒಂದು ಸಿ.ಡಿ. ಅಂಗಡಿಗೆ ನುಗ್ಗಿದ ಗೆಳೆಯ, "ಸಾರ್, ಕರ್ನಾಟಕ ಇದೆಯಾ?" ಅಂತ ಕೇಳಿದ. ಅಂಗಡಿಯವರು ಪಾಪ ಒಳ್ಳೆಯವರು. "ವೋಕಲ್ ಬೇಕಾ, ಇನ್‌ಸ್ಟ್ರುಮೆಂಟಲ್ ಬೇಕಾ?" ಅಂದರು. ಎಂ.ಎಸ್. ಸುಬ್ಬುಲಕ್ಷ್ಮಿ ಬಂದರು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಬಂತು. ಗೆಳೆಯ ತಲೆ ಕೆರೆದುಕೊಂಡು, "ಅದಲ್ಲ ಸಾರ್, ಇದು ಇಂಗ್ಲಿಷ್ ರಾಕ್ ಬ್ಯಾಂಡು. ಬ್ಯಾಂಡಿನ ಹೆಸರೇ ಕರ್ನಾಟಕ" ಅಂದ. ಅವರು ನಮ್ಮಿಬ್ಬರ ಮುಖ ನೋಡಿ, ಎಲ್ಲವನ್ನೂ ಮತ್ತೆ ಶೆಲ್ಫಿಗೆ ಸೇರಿಸಿದರು. :-)

ಆದರೆ ಗೆಳೆಯ ಹೇಳಿದ್ದು ನಿಜ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ, ವೇಲ್ಸ್‌ನ ಸ್ವಾನ್‌ಸೀಯಲ್ಲಿ 1997ರಲ್ಲಿ ಹುಟ್ಟಿದ ಒಂದು ಬ್ಯಾಂಡಿನ ಹೆಸರು ಕರ್ನಾಟಕ. ಬೇಸ್ ಗಿಟಾರಿನ ಇಯಾನ್ ಜೋನ್ಸ್, ಹಾಡುಗಾರ್ತಿ ರೇಚಲ್ ಜೋನ್ಸ್, ಕೀಬೋರ್ಡಿನ ಜೊನಾಥನ್ ಎಡ್ವರ್ಡ್ಸ್ ಸೇರಿ ಕಟ್ಟಿದ್ದು. 1998ರಲ್ಲಿ ಬಂದ ಮೊದಲ ಆಲ್ಬಮ್ಮಿನ ಹೆಸರೂ ಬರೀ ‘ಕರ್ನಾಟಕ’. ಆಮೇಲೆ 2000ದಲ್ಲಿ ‘ದಿ ಸ್ಟಾರ್ಮ್’, 2003ರಲ್ಲಿ ‘ಡೆಲಿಕೇಟ್ ಫ್ಲೇಮ್ ಆಫ್ ಡಿಸೈರ್’. ಹಾಡುಗಳಲ್ಲಿ ನಮ್ಮ ಕಡೆಯದು ಏನೂ ಇಲ್ಲ, ಹುಡುಕಬೇಡಿ. ಕೆಲ್ಟಿಕ್ ಜಾನಪದದ ನೆರಳು, ಉದ್ದುದ್ದ ಗಿಟಾರು, ಮಂಜು ಮುಸುಕಿದ ಹಾಗಿರುವ ಕೀಬೋರ್ಡು. ಆದರೂ ಹುಣಸೂರಿನಂಥ ಊರಲ್ಲಿ ಕೂತು ಇಂಗ್ಲಿಷ್ ರಾಕ್ ಕೇಳುತ್ತಿದ್ದ ನಮ್ಮಂಥವರಿಗೆ, ಯಾರೂ ಕೇಳದಿದ್ದರೂ ಸಿಕ್ಕ ಒಂದು ಸಮರ್ಥನೆಯ ಹಾಗೆ ಆ ಹೆಸರು ಕಂಡಿತ್ತು.

ಈ ಬ್ಯಾಂಡು ಯಾವ ಜಾತಿಗೆ ಸೇರಿದ್ದು ಅನ್ನುವುದೇ ನಮ್ಮಿಬ್ಬರ ಬಹಳ ವರ್ಷಗಳ ಜಗಳ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರೋಗ್ರೆಸಿವ್ ರಾಕ್ ಅನ್ನುವುದು ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ. 1969ರ ಕಿಂಗ್ ಕ್ರಿಮ್ಸನ್ ಆಲ್ಬಮ್ಮನ್ನು ಎಲ್ಲರೂ ಬೆರಳು ಮಾಡಿ ತೋರಿಸುತ್ತಾರೆ. ಮೂರು ನಿಮಿಷದ ಪ್ರೇಮಗೀತೆ ಸಾಕು, ನಾವು ಇಪ್ಪತ್ತು ನಿಮಿಷದ ಕಥನಕಾವ್ಯ ಬರೆಯುತ್ತೇವೆ ಅಂತ ಹೊರಟ ಹುಡುಗರು ಇವರು. ಜೆನೆಸಿಸ್ ಬ್ಯಾಂಡಿನ ‘ಸಪ್ಪರ್ಸ್ ರೆಡಿ’ (1972) ಇಪ್ಪತ್ತಮೂರು ನಿಮಿಷ. ಯೆಸ್ ಬ್ಯಾಂಡಿನವರು ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಬಗ್ಗೆ ಇದ್ದ ಒಂದು ಅಡಿಟಿಪ್ಪಣಿ ಹಿಡಿದುಕೊಂಡು 1973ರಲ್ಲಿ ಎರಡು ಎಲ್.ಪಿ.ಗಳ ಆಲ್ಬಮ್ಮನ್ನೇ ಮಾಡಿಬಿಟ್ಟರು. ನಮ್ಮ ರಾಜ್ಯ ಮೈಸೂರು ಅನ್ನುವ ಹೆಸರು ಬಿಟ್ಟು ಕರ್ನಾಟಕ ಆಗಿದ್ದೂ ಅದೇ 1973ರಲ್ಲಿ, ನವೆಂಬರ್ ಒಂದಕ್ಕೆ. ಜೆನೆಸಿಸ್‌ನ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’ ಬಂದಿದ್ದೂ ಆ ವರ್ಷವೇ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಏನೂ ಇಲ್ಲ. ನನ್ನ ಗೆಳೆಯ ಮಾತ್ರ ಇಂಥದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ.

1975ರಲ್ಲಿ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬಿಟ್ಟ. 1976-77ರಲ್ಲಿ ಪಂಕ್ ಬಂತು. ಮೂರೇ ಸ್ವರ, ಮೂರೇ ನಿಮಿಷ, ಸಿಟ್ಟು. ಪತ್ರಿಕೆಯವರು ಹಳೆಯ ಪ್ರಾಗ್‌ನವರನ್ನು ಮುದಿ ಡೈನೋಸಾರುಗಳು ಅಂತ ಹೀಯಾಳಿಸತೊಡಗಿದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಏಲ್ಸ್‌ಬರಿ ಅನ್ನುವ ಊರಲ್ಲಿ 1979ರಲ್ಲಿ ಟೋಲ್ಕಿನ್‌ನ ಪುಸ್ತಕದ ಹೆಸರಿಟ್ಟುಕೊಂಡು ‘ಸಿಲ್ಮರಿಲಿಯನ್’ ಅಂತ ಒಂದು ಬ್ಯಾಂಡು ಶುರುವಾಯಿತು, ಆಮೇಲೆ ‘ಮ್ಯಾರಿಲಿಯನ್’ ಆಯಿತು. ಡೆರೆಕ್ ಡಿಕ್ ಅನ್ನುವ ಸ್ಕಾಟ್ಲೆಂಡಿನ ಆರಡಿ ಮೀರಿದ ಮನುಷ್ಯ ‘ಫಿಶ್’ ಅನ್ನುವ ಹೆಸರಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುತ್ತಿದ್ದ. ಸೌತಾಂಪ್ಟನ್ ಕಡೆಯಿಂದ ಐಕ್ಯೂ, ಜೊತೆಗೆ ಪೆಂಡ್ರಾಗನ್, ಪಲ್ಲಾಸ್, ಟ್ವೆಲ್ಫ್ತ್ ನೈಟ್. ಇವರೆಲ್ಲ ಲಂಡನ್ನಿನ ವಾರ್ಡೋರ್ ಸ್ಟ್ರೀಟಿನ ಮಾರ್ಕೀ ಕ್ಲಬ್ಬಿನಲ್ಲಿ ಸರದಿಯ ಮೇಲೆ ಹಾಡುತ್ತಿದ್ದರು. ಕಂಪನಿಗಳು ಕೇಳದಿದ್ದಾಗ ತಾವೇ ಕ್ಯಾಸೆಟ್ ಮಾಡಿ ಮಾರಿದರು. ಐಕ್ಯೂನ 1982ರ ‘ಸೆವೆನ್ ಸ್ಟೋರೀಸ್ ಇಂಟು ಎಯ್ಟ್’ ಅಂಥದ್ದೊಂದು ಕ್ಯಾಸೆಟ್. ಸಂಗ್ರಹಕಾರರು ಅದಕ್ಕೆ ಎಷ್ಟು ಬಾಯಿಬಿಟ್ಟರೆಂದರೆ, 1998ರಲ್ಲಿ ಬ್ಯಾಂಡಿನವರೇ ಆ ಹಾಡುಗಳನ್ನೆಲ್ಲ ಹೊಸದಾಗಿ ಹಾಡಿ ಮತ್ತೆ ಕೊಟ್ಟರು. ಇವರಿಗೆಲ್ಲ ಸೇರಿಸಿ ಪತ್ರಿಕೆಯವರು ಅಂಟಿಸಿದ ಚೀಟಿಯೇ ‘ನಿಯೋ-ಪ್ರೋಗ್ರೆಸಿವ್’. ನವ ಪ್ರಗತಿಶೀಲ ಅನ್ನೋಣವೇ? ನವೋದಯ, ಪ್ರಗತಿಶೀಲ, ನವ್ಯ ಅಂತ ಹೊಡೆದಾಡಿಕೊಂಡ ನಮಗೆ ಈ ‘ನವ’ದ ರಗಳೆ ಹೊಸದಲ್ಲ ಬಿಡಿ. ಆ ಚೀಟಿಯಲ್ಲಿ ಒಂದು ಬೈಗುಳ ಅಡಗಿತ್ತು. ನೀವು ಅಸಲು ಅಲ್ಲ, ನಕಲು ಅನ್ನುವ ಬೈಗುಳ.

ಈ ಆರೋಪಕ್ಕೆ ಎಲ್ಲರೂ ಹಿಡಿಯುವ ಸಾಕ್ಷಿ ‘ಗ್ರೆಂಡೆಲ್’. 1982ರ ಅಕ್ಟೋಬರಿನಲ್ಲಿ ಮ್ಯಾರಿಲಿಯನ್‌ನ ಮೊದಲ ಸಿಂಗಲ್ ‘ಮಾರ್ಕೆಟ್ ಸ್ಕ್ವೇರ್ ಹೀರೋಸ್’ ಬಂತು. ಅದರ ಹನ್ನೆರಡಿಂಚಿನ ತಟ್ಟೆಯ ಹಿಂಬದಿಯಲ್ಲಿ ಹದಿನೇಳು ನಿಮಿಷಕ್ಕೂ ಮೇಲಿನ ‘ಗ್ರೆಂಡೆಲ್’ ಇತ್ತು. ಅದರ ಕೊನೆಯ ಭಾಗ ‘ಸಪ್ಪರ್ಸ್ ರೆಡಿ’ಯನ್ನು ಕೇಳಿದ ಯಾರಿಗೂ ಥಟ್ಟನೆ ಗುರುತು ಸಿಗುತ್ತದೆ. ತಮಾಷೆ ಏನೆಂದರೆ ಅದೇ ತಿಂಗಳ ಎರಡನೇ ತಾರೀಕು ಅಸಲಿ ಜೆನೆಸಿಸ್‌ನವರು ಗೇಬ್ರಿಯಲ್ ಜೊತೆ ಮಿಲ್ಟನ್ ಕೀನ್ಸ್‌ನಲ್ಲಿ, ಸುರಿವ ಮಳೆಯಲ್ಲಿ, ಒಂದೇ ಒಂದು ದಿನಕ್ಕೆ ಒಟ್ಟಾಗಿ ಹಾಡಿದ್ದರು. ಅಸಲಿನ ಬೀಳ್ಕೊಡುಗೆ, ನಕಲಿನ ನಾಮಕರಣ ಎರಡೂ ಒಂದೇ ತಿಂಗಳು! ‘ಗ್ರೆಂಡೆಲ್’ ಅವರ ಮೊದಲ ಆಲ್ಬಮ್ಮಿನಲ್ಲಿ (‘ಸ್ಕ್ರಿಪ್ಟ್ ಫಾರ್ ಎ ಜೆಸ್ಟರ್ಸ್ ಟಿಯರ್’, 1983) ಇರಲಿಲ್ಲ. ಹಾಗಾಗಿ 1988ರ ಸಂಕಲನ ಬರುವವರೆಗೆ ಆ ಹನ್ನೆರಡಿಂಚಿನ ತಟ್ಟೆ ಬಂಗಾರದ ತಟ್ಟೆಯೇ ಆಗಿತ್ತು.

ನಮ್ಮ ಕಡೆ ಬಂಗಾರವೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ. ನಮಗೆ ಸಿಕ್ಕಿದ್ದು ನಕಲಿನ ನಕಲು. 1988ರಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಇದ್ದ, ಅವನ ಸೋದರಮಾವ ಇಂಗ್ಲೆಂಡಿನಲ್ಲಿದ್ದರು. ಅವನ ಹತ್ತಿರ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಕ್ಯಾಸೆಟ್ಟಿತ್ತು. 1985ರ ಆಲ್ಬಮ್ಮು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು. ಅದರ ‘ಕೇಲಿ’ ಹಾಡು ಎರಡನೇ ಸ್ಥಾನಕ್ಕೆ ಹೋಗಿ, ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಕೇಲಿ ಅಂತ ಹೆಸರಿಡುವ ಹುಚ್ಚೇ ಶುರುವಾಯಿತಂತೆ. ಆಲ್ಬಮ್ಮಿನ ಹಾಡುಗಳ ನಡುವೆ ಬಿಡುವಿಲ್ಲ, ಒಂದರೊಳಗೊಂದು ಸೇರಿ ಹರಿಯುತ್ತವೆ. ಒಟ್ಟು ನಲವತ್ತೊಂದು ನಿಮಿಷ, ಒಂದೊಂದು ಬದಿಗೆ ಇಪ್ಪತ್ತು ಚಿಲ್ಲರೆ. ಸೀನಿಯರ್ ಮಹಾಶಯ ಅದನ್ನು ಶನಿವಾರ ಸಂಜೆ ಕೊಟ್ಟು, ಸೋಮವಾರ ಬೆಳಿಗ್ಗೆ ವಾಪಸ್ ಬರಬೇಕು ಅಂದ. ಗೆಳೆಯ ಅದನ್ನು ಜೇಬಿಗೆ ಹಾಕಿಕೊಂಡು ಎಚ್.ಡಿ. ಕೋಟೆ ಬಸ್ಸು ಹತ್ತಿದ.

ಅವನ ಅಪ್ಪ ಅರಣ್ಯ ಇಲಾಖೆಯಲ್ಲಿದ್ದವರು. ಕಾಕನಕೋಟೆ ಕಾಡಿನಲ್ಲೇ ಅರ್ಧ ಸರ್ವೀಸು ಕಳೆದವರು. 1971ರಲ್ಲಿ ಅಲ್ಲಿ ನಡೆದ ಕೊನೆಯ ಖೆಡ್ಡಾವನ್ನು ಕಣ್ಣಾರೆ ಕಂಡವರು. ಆಮೇಲೆ ಕಬಿನಿ ಅಣೆಕಟ್ಟು ಆಯಿತು, ಅವರು ಓಡಾಡಿದ ಜಾಗವೆಲ್ಲ ಹಿನ್ನೀರಿನ ಕೆಳಗೆ ಹೋಯಿತು. 1977ರಲ್ಲಿ ‘ಕಾಕನಕೋಟೆ’ ಸಿನಿಮಾ ಬಂದಾಗ ಅವರು ಅದನ್ನು ನಾಲ್ಕು ಸಲ ನೋಡಿದ್ದರಂತೆ. ನಿಮಗೆ ಗೊತ್ತೇ ಇದೆ, ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ನಿರ್ದೇಶನ, ಕಾಚನಾಗಿ ಲೋಕೇಶ್. ಸಿ. ಅಶ್ವಥ್ ಸಂಗೀತ ನಿರ್ದೇಶಕರಾದ ಮೊದಲ ಚಿತ್ರ. ಆ ಸಿನಿಮಾದ ಹಾಡುಗಳನ್ನು, ಜೊತೆಗೆ ಬೇರೆ ಒಂದಷ್ಟು ಹಾಡುಗಳನ್ನು, ಹುಣಸೂರಿನ ರೆಕಾರ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಬರೆದುಕೊಟ್ಟು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದರು. ಯಾರೂ ಅಳಿಸದಿರಲಿ ಅಂತ ಕ್ಯಾಸೆಟ್ಟಿನ ಬೆನ್ನಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದರು.

ಆ ಭಾನುವಾರ ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಅಂಗಡಿ ಮುಚ್ಚಿತ್ತು. ಮಗರಾಯ ಆ ತೂತುಗಳಿಗೆ ಸೆಲ್ಲೊಟೇಪ್ ಅಂಟಿಸಿ, ಅಪ್ಪನ ಹಾಡುಗಳ ಮೇಲೆ ಮ್ಯಾರಿಲಿಯನ್ ತುಂಬಿಬಿಟ್ಟ. ಸೋಮವಾರ ನನಗೆ ಇದನ್ನೆಲ್ಲ ಹೇಳಿದಾಗ ನಾನೂ ಬೈಯಲಿಲ್ಲ. ಬೇಗ ಕೊಡೋ, ನಾನೂ ಕೇಳಬೇಕು ಅಂದೆ, ಅಷ್ಟೆ.

ಆಮೇಲಿನದು ಸಂಗ್ರಹದ ಹುಚ್ಚು. ಬೆಂಗಳೂರಿಗೆ ಹೋದವರು, ಹೊರದೇಶಕ್ಕೆ ಹೋದವರು, ಯಾರನ್ನೂ ಬಿಡಲಿಲ್ಲ. ಅವನು ಫಿಶ್ ಪಕ್ಷ. 1988ರಲ್ಲಿ ಫಿಶ್ ಹೊರಬಿದ್ದ ಮೇಲೆ ಮ್ಯಾರಿಲಿಯನ್ ಸತ್ತಿತು ಅನ್ನುವವನು. ನಾನು ಸ್ಟೀವ್ ಹೊಗಾರ್ತ್ ಪಕ್ಷ. 1994ರ ‘ಬ್ರೇವ್’ ಕೇಳಿಯೂ ಸತ್ತಿತು ಅನ್ನುವವನಿಗೆ ಕಿವಿ ಇಲ್ಲ ಅನ್ನುವವನು. "ನಿಂದು ಬರೀ ಅಳುಮುಂಜಿ ಸಂಗೀತ ಕಣೋ" ಅಂತ ಅವನು. "ನಿಂದು ಜೆನೆಸಿಸ್ ಮಿಮಿಕ್ರಿ" ಅಂತ ನಾನು. ಲಕ್ಷ್ಮಣತೀರ್ಥದ ಸೇತುವೆ ಮೇಲೆ ನಿಂತು ಹೀಗೆ ಕೂಗಾಡುತ್ತಿದ್ದರೆ ದಾರಿಹೋಕರು ನಮ್ಮನ್ನು ಯಾವುದೋ ಪಾರ್ಟಿಯವರು ಅಂದುಕೊಂಡಿರಬೇಕು.

ನನ್ನ ಪಕ್ಷಕ್ಕೆ ಒಂದು ಬಲವಾದ ವಾದವಿತ್ತು. 1997ರಲ್ಲಿ ಅಮೆರಿಕಕ್ಕೆ ಹೋಗಲು ಮ್ಯಾರಿಲಿಯನ್ ಹತ್ತಿರ ದುಡ್ಡಿರಲಿಲ್ಲ. ಅಭಿಮಾನಿಗಳೇ ಚಂದಾ ಎತ್ತಿ ಸುಮಾರು ಅರವತ್ತು ಸಾವಿರ ಡಾಲರ್ ಕೂಡಿಸಿ ಕರೆಸಿಕೊಂಡರು. 2001ರ ‘ಅನೊರಾಕ್ನೊಫೋಬಿಯಾ’ ಆಲ್ಬಮ್ಮಿಗೆ ಅದು ಹುಟ್ಟುವ ಮೊದಲೇ ಹನ್ನೆರಡು ಸಾವಿರ ಜನ ದುಡ್ಡು ಕಳಿಸಿದ್ದರು. ನಕಲಿಗೆ ಯಾರು ಹೀಗೆ ಮುಂಗಡ ಕೊಡುತ್ತಾರೆ ಹೇಳಿ? ನಮ್ಮಲ್ಲಿ ಹಿಂದೆ ಪುಸ್ತಕ ಅಚ್ಚಾಗುವ ಮೊದಲೇ ಚಂದಾದಾರರಿಂದ ಹಣ ಪಡೆಯುತ್ತಿದ್ದರಲ್ಲ, ಅದೇ ಪದ್ಧತಿ.

ಅವನು ತಂದ ಮದ್ದು ವೇಲ್ಸ್‌ನ ‘ಕರ್ನಾಟಕ’. "ನೋಡು, ಇವರು ಯಾರನ್ನೂ ನಕಲು ಮಾಡ್ತಿಲ್ಲ. ಇದೂ ನಿಯೋನೇ" ಅಂದ. ನಾನು ಒಪ್ಪಲಿಲ್ಲ. ಹಾಡುಗಾರ್ತಿ ಇದ್ದಾಳೆ, ಜಾನಪದ ಇದೆ, ಮಾರ್ಕೀ ಕ್ಲಬ್ಬಿನ ಸಂತಾನ ಅಲ್ಲ, ನಿಯೋ ಹೇಗಾಗುತ್ತೆ? ಈಗ ಯೋಚಿಸಿದರೆ ನನ್ನ ವಾದ ಪೆದ್ದು. ಹೆಂಗಸು ಹಾಡಿದರೆ ಜಾತಿ ಕೆಡುತ್ತದೆ ಅನ್ನುವ ವಾದ ಅದು. ಅಷ್ಟರಲ್ಲಿ, 2004ರಲ್ಲಿ, ಬ್ಯಾಂಡೇ ಒಡೆಯಿತು. ರೇಚಲ್ ‘ದಿ ರೀಸನಿಂಗ್’ ಕಟ್ಟುವಲ್ಲಿ ಸೇರಿದಳು, ಜೊನಾಥನ್ ಎಡ್ವರ್ಡ್ಸ್ ಮತ್ತು ಆನ್-ಮರೀ ಹೆಲ್ಡರ್ ‘ಪ್ಯಾನಿಕ್ ರೂಮ್’ ಕಡೆ ಹೋದರು. ಹೆಸರು ಇಯಾನ್ ಜೋನ್ಸ್ ಹತ್ತಿರ ಉಳಿಯಿತು. ಅವನು ಹೊಸಬರನ್ನು ಸೇರಿಸಿಕೊಂಡು 2010ರಲ್ಲಿ ‘ದಿ ಗ್ಯಾದರಿಂಗ್ ಲೈಟ್’ ತಂದ, 2015ರಲ್ಲಿ ‘ಸೀಕ್ರೆಟ್ಸ್ ಆಫ್ ಏಂಜೆಲ್ಸ್’, 2023ರಲ್ಲಿ ‘ರಿಕ್ವಿಯಮ್ ಫಾರ್ ಎ ಡ್ರೀಮ್’. ಮೂರರಲ್ಲೂ ಬೇರೆ ಬೇರೆ ಹಾಡುಗಾರ್ತಿಯರು. ಫಿಶ್ ಹೋದ ಮೇಲೆ ಮ್ಯಾರಿಲಿಯನ್ ಇಲ್ಲ ಅನ್ನುತ್ತಿದ್ದ ನನ್ನ ಗೆಳೆಯ, ರೇಚಲ್ ಹೋದ ಮೇಲಿನ ಕರ್ನಾಟಕವನ್ನೂ ತಪ್ಪದೆ ಕೊಂಡ. ಯಾಕೋ ಅಂದರೆ, "ನಾಡಿನ ಹೆಸರು ಕಣಯ್ಯಾ" ಅಂದ!

2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಬ್ಬರೂ ಹೋಗಿದ್ದೆವು. 2005ರಲ್ಲಿ ಅದೇ ಮೈದಾನದಲ್ಲಿ ಅಶ್ವಥ್ ಅವರ ‘ಕನ್ನಡವೇ ಸತ್ಯ’ ಆಯಿತು, ಲಕ್ಷಾಂತರ ಜನ. ಗೆಳೆಯನ ಅಪ್ಪ ಹೋಗಬೇಕು ಅಂತ ಆಸೆಪಟ್ಟಿದ್ದರಂತೆ. ಮಗನಿಗೆ ಬಿಡುವಾಗಲಿಲ್ಲ. 2009ರ ಡಿಸೆಂಬರಿನಲ್ಲಿ ಅಶ್ವಥ್ ತೀರಿಕೊಂಡರು.

ಹೋದ ಮಳೆಗಾಲದಲ್ಲಿ ಅವನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸೋಣ ಅಂತ ಕೂತೆವು. ಕಾಡಂಚಿನ ಮನೆ ಬೇರೆ, ಅರ್ಧಕ್ಕರ್ಧ ಟೇಪಿಗೆ ಬೂಷ್ಟು ಹಿಡಿದಿತ್ತು, ಬಿಳೀ ಪುಡಿ. ಮೂಲೆಯ ಸ್ಕ್ರೂ ಬಿಚ್ಚಿ, ಹತ್ತಿಗೆ ಸ್ಪಿರಿಟ್ ತಾಗಿಸಿ, ನಿಧಾನಕ್ಕೆ ಸುತ್ತುತ್ತ ಒರೆಸಬೇಕು. ಎರಡು ಕ್ಯಾಸೆಟ್ಟಿಗೊಮ್ಮೆ ಪ್ಲೇಯರಿನ ಹೆಡ್ ಕೂಡ ಒರೆಸಬೇಕು, ಇಲ್ಲದಿದ್ದರೆ ಆ ಬೂಷ್ಟು ಮುಂದಿನದಕ್ಕೂ ಹತ್ತುತ್ತದೆ. ಸೆಲ್ಲೊಟೇಪ್ ಅಂಟಿಸಿದ್ದ ಆ ಕ್ಯಾಸೆಟ್ಟಿನ ಸರದಿ ಬಂತು. ಟೇಪು ಹಳದಿಯಾಗಿ ಒಣಗಿತ್ತು. ಅವನ ಅಪ್ಪ ಆಚೆ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ.

ಮ್ಯಾರಿಲಿಯನ್ ಓಡಿತು. ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಮೊದಲ ಬದಿ ಮುಗಿಯಿತು. ನಾವು ಮಾತಾಡುತ್ತ ಕೂತಿದ್ದವರು ನಿಲ್ಲಿಸುವುದು ಮರೆತೆವು. ಟಕ್ ಅಂತ ಒಂದು ಸದ್ದು, ಆಮೇಲೆ ಹಾಡಿನ ನಟ್ಟನಡುವಿನಿಂದ ಅಶ್ವಥ್ ಅವರ ರಾಗ. ಬದಿಗೆ ಮೂವತ್ತು ನಿಮಿಷದ ಟೇಪಲ್ಲವೇ, ಮ್ಯಾರಿಲಿಯನ್‌ನವರು ತುಂಬಿ ಉಳಿದ ಒಂಬತ್ತು ನಿಮಿಷ ಹಾಗೇ ಉಳಿದಿತ್ತು. ನಾನೂ ಅವನೂ ಎಷ್ಟೋ ಸಲ ಅದನ್ನು ಕೇಳಿದ್ದೆವು, ಸದ್ದು ಬಂದ ಕೂಡಲೇ ಬದಿ ತಿರುಗಿಸುತ್ತಿದ್ದೆವು.

ಪೇಪರ್ ಕೆಳಗಿಳಿಯಿತು. "ಇದು ನನ್ನ ಕ್ಯಾಸೆಟ್ಟಲ್ಲವೇನೋ?" ಅಂದರು.

ಗೆಳೆಯ ಮಾತಾಡಲಿಲ್ಲ. ನಾನು ಹೆಡ್ ಒರೆಸುವ ಹತ್ತಿಯನ್ನು ಹಿಡಿದುಕೊಂಡು ಕೂತಿದ್ದೆ. ಒಂಬತ್ತು ನಿಮಿಷ ಮುಗಿದು ಬಟನ್ ತಾನಾಗಿ ಎಗರಿತು.

"ಆ ಕಡೆ ಎಷ್ಟು ಉಳಿಸಿದ್ದೀಯ, ಹಾಕು" ಅಂದರು.

ಎರಡನೇ ಬದಿಯ ಕೊನೆಯಲ್ಲೂ ಅಷ್ಟೇ ಇತ್ತು, ನಡುವೆ ಸ್ವಲ್ಪ ಬೂಷ್ಟಿನ ಗರಗರ. ಅದನ್ನು ಬೇರೆ ಫೈಲು ಮಾಡಿ ಅವರ ಮೊಬೈಲಿಗೆ ಹಾಕಿಕೊಟ್ಟೆವು. ಆ ಹಾಡುಗಳು ಪೂರ್ತಿಯಾಗಿ ಈಗ ಎಲ್ಲಿ ಬೇಕಾದರೂ ಸಿಗುತ್ತವೆ, ಅದನ್ನೂ ಹಾಕಿಕೊಟ್ಟಿದ್ದೇವೆ. ಅವರು ಕೇಳುವುದು ಮಾತ್ರ ಆ ಅರ್ಧದಿಂದ ಶುರುವಾಗುವುದನ್ನೇ ಅಂತೆ.