ಭಾಸ್ಕರಾಚಾರ್ಯರ ಒಂದು ಮಹಾಸಂಖ್ಯೆ

ಕೃಷ್ಣೆಯ ದಕ್ಷಿಣಕ್ಕಿರುವ ಜಮಖಂಡಿ, ಬೀಳಗಿಗಳಿಂದ ಹೊಳೆಯನ್ನು ದಾಟಿದರೆ ವಿಜಯಪುರದ ಸೀಮೆಯು ಮೊದಲಾಗುತ್ತದೆ. ಭಾಸ್ಕರಾಚಾರ್ಯರು ತಮ್ಮ ಊರನ್ನು ‘ವಿಜ್ಜಡವಿಡ’ವೆಂದು ಕರೆದುಕೊಂಡಿರುವರು. ಅದು ಈ ವಿಜಯಪುರವೇ ಎಂದು ಕೆಲವು ವಿದ್ವಾಂಸರೂ, ಖಾನದೇಶದ ಪಾಟಣದ ಸಮೀಪದ್ದೆಂದು ಮತ್ತೆ ಕೆಲವರೂ ವಾದಿಸುವರು. ಆಚಾರ್ಯರ ಗ್ರಂಥಗಳ ಪಾಠಕ್ಕಾಗಿ ಅವರ ಮೊಮ್ಮಗ ಚಂಗದೇವನು ಪಾಟಣದಲ್ಲಿ ಮಠವನ್ನು ಸ್ಥಾಪಿಸಿದನೆಂದು ಅಲ್ಲಿಯ 1207ರ ಶಾಸನವು ತಿಳಿಸುತ್ತದೆ. ಊರಿನ ವಿವಾದವು ಹಾಗಿರಲಿ. ಅವರ ಕೃತಿಯಲ್ಲಿ ವಿವಾದಕ್ಕೆ ಎಡೆಯಿಲ್ಲದ ಒಂದು ಸಂಖ್ಯೆಯುಂಟು. ಅದೇ 1,76,63,19,049.

ಶಕವರ್ಷ 1072ರಲ್ಲಿ, ಎಂದರೆ ಕ್ರಿ. ಶ. 1150ರಲ್ಲಿ, ಆಚಾರ್ಯರು ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅದರ ಬೀಜಗಣಿತಭಾಗದ ವರ್ಗಪ್ರಕೃತಿಯೆಂಬ ಪ್ರಕರಣದಲ್ಲಿ ಅವರು ಕೇಳುವ ಪ್ರಶ್ನೆಯಿದು: ಯಾವ ಪೂರ್ಣಾಂಕದ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವೇ ಬರುವುದು?

ಪ್ರಶ್ನೆಯು ಸುಲಭವೆಂದು ತೋರುತ್ತದೆ. 61ಕ್ಕೆ ಬದಲಾಗಿ 60 ಇದ್ದರೆ ಉತ್ತರವು 4 ಮಾತ್ರ. 60ರಿಂದ 16ನ್ನು ಗುಣಿಸಿ ಒಂದನ್ನು ಕೂಡಿಸಿದರೆ 961, ಅದು 31ರ ವರ್ಗ. 62 ಇದ್ದರೆ ಉತ್ತರವು 8. ಫಲವು 63ರ ವರ್ಗ. ಆದರೆ ಇವೆರಡರ ನಡುವಿನ 61ಕ್ಕೆ ಶೂನ್ಯವನ್ನು ಬಿಟ್ಟರೆ ಅತ್ಯಂತ ಚಿಕ್ಕ ಉತ್ತರವೇ 22,61,53,980! ಆಗ ದೊರೆಯುವ ವರ್ಗದ ಮೂಲವೇ ಮೇಲೆ ಹೇಳಿದ ಮಹಾಸಂಖ್ಯೆ. ಒಂದೊಂದಾಗಿ ಪರೀಕ್ಷಿಸುತ್ತ ಹೋಗುವವನಿಗೆ ಆಯುಷ್ಯವೇ ಸಾಲದು.

ಆಚಾರ್ಯರು ಚಕ್ರವಾಳವೆಂಬ ವಿಧಾನವನ್ನೂ, ಬ್ರಹ್ಮಗುಪ್ತನು 628ರಲ್ಲಿ ಹೇಳಿದ ಭಾವನೆಯೆಂಬ ಕ್ರಿಯೆಯನ್ನೂ ಕೂಡಿಸಿ ಕೆಲವೇ ಹೆಜ್ಜೆಗಳಲ್ಲಿ ಗುರಿಯನ್ನು ಮುಟ್ಟಿದರು. ಮೊದಲು 3,805 ಮತ್ತು 29,718 ಎಂಬ ಜೋಡಿಯು ದೊರೆಯಿತು. 3,805ರ ವರ್ಗದ 61 ಪಟ್ಟು 88,31,59,525. 29,718ರ ವರ್ಗವು 88,31,59,524. ಅಂತರವು ಒಂದೇ, ಆದರೆ ಅದು ಕೂಡಿಸಬೇಕಾದ ಒಂದಲ್ಲ, ಕಳೆಯಬೇಕಾದ ಒಂದು. ಈ ಜೋಡಿಗೆ ತನ್ನೊಡನೆಯೇ ಭಾವನೆಯನ್ನು ಮಾಡಲು ಋಣವು ಧನವಾಗುತ್ತದೆ. ಆ ಎರಡು ಫಲಗಳ ಮೊತ್ತವೇ 1,76,63,19,049; ಜೋಡಿಯ ಗುಣಾಕಾರದ ಇಮ್ಮಡಿಯೇ 22,61,53,980.

ಐನೂರೇಳು ವರ್ಷಗಳ ತರುವಾಯ, 1657ರಲ್ಲಿ, ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞನು ಇದೇ 61ನ್ನು ತನ್ನ ಕಾಲದ ಪಂಡಿತರ ಮುಂದೆ ಪಂಥವಾಗಿ ಇಟ್ಟನು. ಇಂಗ್ಲೆಂಡಿನ ಬ್ರೌಂಕರನು ಇಂಥ ಪ್ರಶ್ನೆಗಳನ್ನು ಬಿಡಿಸುವ ವಿಧಾನವನ್ನು ಕಂಡುಹಿಡಿದನು. ಬಳಿಕ ಆಯ್ಲರನ ಪ್ರಮಾದದಿಂದ ಈ ಸಮೀಕರಣಕ್ಕೆ ಪೆಲ್ ಎಂಬವನ ಹೆಸರು ಅಂಟಿಕೊಂಡಿತು. ಕೋಲ್‌ಬ್ರೂಕನು 1817ರಲ್ಲಿ ಬೀಜಗಣಿತವನ್ನು ಇಂಗ್ಲಿಷಿಗೆ ತಂದ ಮೇಲೆ ಆಚಾರ್ಯರ ಉತ್ತರವು ಯುರೋಪಿನ ಓದುಗರ ಕೈಸೇರಿತು.

ಅಭಿಮಾನವು ಸತ್ಯದ ಮೇರೆಯನ್ನು ಮೀರಬಾರದು. ಚಕ್ರವಾಳವು ಆಚಾರ್ಯರೊಬ್ಬರದೇ ಸೃಷ್ಟಿಯಲ್ಲ. 1073ರಲ್ಲಿ ಉದಯದಿವಾಕರನು ಉದ್ಧರಿಸಿದ ಜಯದೇವನ ಪದ್ಯಗಳಲ್ಲಿಯೂ ಅದು ಇರುತ್ತದೆ. ವರ್ಗವಲ್ಲದ ಪ್ರತಿಯೊಂದು ಪೂರ್ಣಸಂಖ್ಯೆಗೂ ಇಂಥ ಉತ್ತರವು ಇದ್ದೇ ಇರುವುದೆಂದು ಸಾಧಿಸಿದವನು ಲಾಗ್ರಾಂಜ್, 1768ರಲ್ಲಿ. ಇಷ್ಟನ್ನು ಒಪ್ಪಿಕೊಂಡರೆ ಆಚಾರ್ಯರ ಕೀರ್ತಿಯು ಕುಂದುವುದಿಲ್ಲ. ಮುಧೋಳ, ರಬಕವಿ-ಬನಹಟ್ಟಿಗಳ ಶಾಲೆಯ ಬಾಲಕನೂ ಕಾಗದದ ಮೇಲೆ ಗುಣಾಕಾರವನ್ನು ಮಾಡಿ ಅವರ ಮಾತನ್ನು ಪರೀಕ್ಷಿಸಬಲ್ಲನು. ಬರಿಯ ಹೊಗಳಿಕೆಗಿಂತ ಆ ಪರೀಕ್ಷೆಯೇ ಆಚಾರ್ಯರಿಗೆ ಸಲ್ಲತಕ್ಕ ಗೌರವ.