ಕಾಮಾಖ್ಯೆಯ ಮೂರು ದಿನ



"ಅಮ್ಮನಿಗೆ ಕಾಗೆ ಮುಟ್ಟಿದೆ." ಈ ಮಾತು ಕೇಳದೆ ಬೆಳೆದವರು ನಮ್ಮ ಬಳಗದಲ್ಲಿ ಕಡಿಮೆ ಇರಬಹುದು. ತಿಂಗಳಿಗೆ ಮೂರು ದಿನ ಅಮ್ಮ ಹಿತ್ತಿಲ ಕಡೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡಿರುತ್ತಿದ್ದರು. ಊಟದ ತಟ್ಟೆಯನ್ನು ದೂರದಿಂದಲೇ ಸರಿಸಲಾಗುತ್ತಿತ್ತು. ಆ ಕಾಗೆ ನಮ್ಮ ಮನೆಯನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ ಎಂದು ಕೇಳಿದರೆ ಅಜ್ಜಿ ಗದರಿಸಿ ಆಟಕ್ಕೆ ಅಟ್ಟುತ್ತಿದ್ದರು.

ಅದೇ ಅಜ್ಜಿ ಕೆಡ್ಡಸ ಬಂತೆಂದರೆ ಬೇರೆಯೇ ಮನುಷ್ಯರಾಗುತ್ತಿದ್ದರು. ಪುತ್ತೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತುಳುವರ ಪೊನ್ನಿ ತಿಂಗಳ ಕೊನೆಯ ಮೂರು ದಿನ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆ. ಆ ದಿನಗಳಲ್ಲಿ ನೇಗಿಲು ಮುಟ್ಟುವಂತಿಲ್ಲ, ನೆಲ ಅಗೆಯುವಂತಿಲ್ಲ. ಕೊನೆಯ ದಿನ ಹೆಂಗಸರು ಅಂಗಳದಲ್ಲಿ ಎಣ್ಣೆ, ಸೀಗೆ, ಅರಿಸಿನ, ಕುಂಕುಮ ಇಟ್ಟು ಭೂಮಿಗೆ ಮೀಯಿಸುತ್ತಾರೆ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೆರಿ ಎಲ್ಲರ ಕೈಗೂ ಬರುತ್ತದೆ. ಭೂಮಿಗೆ ಇಷ್ಟು ಉಪಚಾರ, ಅಮ್ಮನಿಗೆ ಚಾಪೆ! ಈ ಲೆಕ್ಕ ನನಗೆ ಎಂದೂ ತಾಳೆಯಾಗಲಿಲ್ಲ.

ಬಹಳ ವರ್ಷಗಳ ನಂತರ ಅಸ್ಸಾಮಿನ ಕಾಮಾಖ್ಯೆಯ ಚರಿತ್ರೆ ಓದುವಾಗ ಈ ಹಳೆಯ ಪ್ರಶ್ನೆ ಮತ್ತೆ ಎದುರು ಬಂದು ನಿಂತಿತು.

ಗುವಾಹಟಿಯಲ್ಲಿ ಬ್ರಹ್ಮಪುತ್ರೆಯ ದಕ್ಷಿಣ ದಂಡೆಯ ಮೇಲೆ ನೀಲಾಚಲವೆಂಬ ಬೆಟ್ಟವಿದೆ. ಗುಡಿ, ಪೂಜಾರಿಗಳ ಮನೆ, ಅಂಗಡಿ ಎಲ್ಲ ಸೇರಿ ಬೆಟ್ಟದ ಮೇಲೊಂದು ಪುಟ್ಟ ಊರೇ ಇದೆ. ದಶಮಹಾವಿದ್ಯೆಯರ ಗುಡಿಗಳೂ ಅಲ್ಲಿಯೇ. ಕಾಮಾಖ್ಯೆಯ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಒಳಗೆ ಕತ್ತಲೆ, ಹಣತೆಯ ಬೆಳಕು. ಮೂರ್ತಿ ಇಲ್ಲ. ಯೋನಿಯ ಆಕಾರದ ಬಂಡೆಯ ಸೀಳು, ಅದನ್ನು ಸದಾ ತೋಯಿಸುವ ಒಂದು ಒರತೆ, ಅಷ್ಟೆ. ಸತಿಯ ದೇಹ ತುಂಡಾಗಿ ಬಿದ್ದಾಗ ಅವಳ ಯೋನಿ ಬಿದ್ದ ಜಾಗ ಇದು ಎಂದು ಕಾಳಿಕಾ ಪುರಾಣ ಹೇಳುತ್ತದೆ.

ಆದರೆ ದೇವಿ ಪುರಾಣಕ್ಕಿಂತ ಹಳಬಳಿರಬೇಕು. ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕ್ರಿ.ಶ. 643ರ ಸುಮಾರಿಗೆ ಕಾಮರೂಪಕ್ಕೆ ಬಂದರೂ ಅವಳ ಹೆಸರೆತ್ತುವುದಿಲ್ಲ. ಶಾಸನದಲ್ಲಿ ಅವಳ ಮೊದಲ ಸುಳಿವು ಸಿಗುವುದು 9ನೇ ಶತಮಾನದ ವನಮಾಲವರ್ಮನ ತಾಮ್ರಪಟದಲ್ಲಿ. ಕಾಳಿಕಾ ಪುರಾಣ ಹತ್ತು-ಹನ್ನೊಂದನೇ ಶತಮಾನದ್ದು. ಅದರಲ್ಲೇ ಒಂದು ಒಪ್ಪಿಗೆಯ ಮಾತಿದೆ: ಮೊದಲು ಇಲ್ಲಿದ್ದವರು ಕಿರಾತರು, ಅವರನ್ನು ಓಡಿಸಿ ನರಕ ರಾಜನಾದ, ಕಾಮಾಖ್ಯೆಯನ್ನು ಪೂಜಿಸೆಂದು ಅವನಿಗೆ ವಿಷ್ಣುವಿನ ಅಪ್ಪಣೆಯಾಯಿತು. ಅಂದರೆ ಜನರನ್ನು ಓಡಿಸಿದರು, ದೇವಿಯನ್ನು ಇಟ್ಟುಕೊಂಡರು! ಅಸ್ಸಾಮಿನ ವಿದ್ವಾಂಸ ಬಾಣೀಕಾಂತ ಕಾಕತಿಯವರು 1948ರ ತಮ್ಮ ಪುಸ್ತಕದಲ್ಲಿ ಕಾಮಾಖ್ಯೆಯ ಮೂಲವನ್ನು ಗುಡ್ಡಗಾಡಿನ ಜನರಲ್ಲೇ ಹುಡುಕಿದ್ದರು.

ತಂತ್ರಮಾರ್ಗಿಗಳಿಗೆ ಈ ಬೆಟ್ಟ ತವರು. ಮತ್ಸ್ಯೇಂದ್ರನಾಥರ ಹೆಸರಿನಲ್ಲಿರುವ ಕೌಲಜ್ಞಾನನಿರ್ಣಯವು ಈ ವಿದ್ಯೆಯನ್ನು ಕಾಮರೂಪದ ಯೋಗಿನಿಯರ ಮನೆಗಳಿಗೆ ಜೋಡಿಸುತ್ತದೆ. ಅದೇ ಮತ್ಸ್ಯೇಂದ್ರನಾಥರ ಮೂರ್ತಿ ನಮ್ಮ ಮಂಗಳೂರಿನ ಕದ್ರಿಯಲ್ಲೂ ಇದೆ. ಅಲ್ಲಿನ ಲೋಕೇಶ್ವರ ವಿಗ್ರಹದ ಶಾಸನ ಕ್ರಿ.ಶ. 968ರದು. ಕೆಡ್ಡಸದ ನಾಡಿಗೂ ಕಾಮರೂಪಕ್ಕೂ ನಾಥಪಂಥದ ಈ ಒಂದು ಎಳೆ ಇದೆ. ತಂತ್ರ ಮಾಡಿದ ದೊಡ್ಡ ಕೆಲಸವೆಂದರೆ, ಲೋಕ ಮೈಲಿಗೆ ಎಂದದ್ದನ್ನೇ ಶಕ್ತಿ ಎಂದು ಕರೆದದ್ದು. ರಕ್ತ ಅದರಲ್ಲಿ ಮುಖ್ಯ. ಇಲ್ಲಿ ಇಂದಿಗೂ ಆಡು, ಕೋಣ ಬಲಿಯಾಗುತ್ತವೆ, ಆದರೆ ಹೆಣ್ಣು ಪ್ರಾಣಿಯನ್ನು ಬಲಿ ಕೊಡುವಂತಿಲ್ಲ.

ಶಕ್ತಿ ಇದ್ದಲ್ಲಿ ಅರಸರು ಬಾರದೆ ಇರುತ್ತಾರೆಯೇ? ಹಾಳಾಗಿದ್ದ ಗುಡಿಯನ್ನು 1565ರಲ್ಲಿ ಕೋಚ್ ದೊರೆ ನರನಾರಾಯಣನ ಕಾಲದಲ್ಲಿ ಅವನ ತಮ್ಮ ಚಿಲಾರಾಯ್ ಮತ್ತೆ ಕಟ್ಟಿಸಿದ. ಕಲ್ಲಿನ ಶಿಖರ ನಿಲ್ಲದೆ ಹೋದಾಗ ಇಟ್ಟಿಗೆಯಲ್ಲಿ ಗುಮ್ಮಟ ಎಬ್ಬಿಸಿದರು. ಜೇನುಗೂಡಿನಂತಿರುವ ಆ ಗುಮ್ಮಟವೇ ಇಂದಿಗೂ ಇದೆ. ರಕ್ತಬಲಿಯನ್ನು ಒಪ್ಪದ ವೈಷ್ಣವ ಸಂತ ಶಂಕರದೇವರಿಗೂ ಇದೇ ನರನಾರಾಯಣ ಆಶ್ರಯ ಕೊಟ್ಟಿದ್ದ ಎಂಬುದನ್ನು ಮರೆಯಬಾರದು.

ಆ ದೊಡ್ಡಮನಸ್ಸು ಮುಂದೆ ಉಳಿಯಲಿಲ್ಲ. ಅಹೋಮ್ ದೊರೆ ಶಿವಸಿಂಹ (1714-44) ಬಂಗಾಳದಿಂದ ಬಂದ ಶಾಕ್ತಗುರು ಕೃಷ್ಣರಾಮ ಭಟ್ಟಾಚಾರ್ಯರಿಗೆ ಕಾಮಾಖ್ಯೆಯ ಆಡಳಿತ ವಹಿಸಿದ. ಗ್ರಹಗತಿ ಕೆಟ್ಟಿದೆ, ಸಿಂಹಾಸನಕ್ಕೆ ಕುತ್ತು ಎಂದು ಜೋಯಿಸರು ಹೇಳಿದಾಗ 1722ರಲ್ಲಿ ರಾಣಿ ಫುಲೇಶ್ವರಿಯನ್ನೇ 'ಬರ್ ರಾಜಾ', ಅಂದರೆ ದೊಡ್ಡ ಅರಸ, ಎಂದು ಕೂರಿಸಿದ. ಅವಳ ಹೆಸರಿನಲ್ಲಿ ನಾಣ್ಯಗಳೂ ಬಂದವು. ದೇವಿಯ ನಾಡಿನಲ್ಲಿ ಹೆಣ್ಣೊಬ್ಬಳು ಆಳಿದಳಲ್ಲ ಎಂದು ಸಂತೋಷಪಡುವಷ್ಟರಲ್ಲಿ ಕಥೆ ತಿರುಗುತ್ತದೆ. ಮೋವಾಮರಾ ಮಠದ ವೈಷ್ಣವ ಮಹಂತರನ್ನು ದುರ್ಗಾಪೂಜೆಗೆ ಕರೆಸಿ, ಬಲವಂತವಾಗಿ ತಲೆಬಾಗಿಸಿ, ಹಣೆಗೆ ಬಲಿಯ ರಕ್ತ ಹಚ್ಚಿಸಿದಳು. ಮಹಂತರ ಶಿಷ್ಯರು ಆ ಅವಮಾನ ಮರೆಯಲಿಲ್ಲ. 1769ರಲ್ಲಿ ಎದ್ದ ಮೋವಾಮರಿಯಾ ದಂಗೆಗೆ ಬಿಟ್ಟಿ ದುಡಿಮೆಯಂಥ ಬೇರೆ ಕಾರಣಗಳೂ ಇದ್ದವು. ಆದರೆ ಹಣೆಯ ಆ ರಕ್ತ ಒಣಗಿರಲಿಲ್ಲ. ದಂಗೆಯಿಂದ ಅಹೋಮ್ ರಾಜ್ಯ ಜರ್ಝರಿತವಾಯಿತು. ಆಮೇಲೆ ಬರ್ಮಾದವರು ನುಗ್ಗಿದರು, 1826ರಲ್ಲಿ ಅಸ್ಸಾಂ ಇಂಗ್ಲಿಷರ ಪಾಲಾಯಿತು.

ಅರಸರು ಹೋದರು, ರೈತರ ದೇವಿ ಉಳಿದಳು. ಪ್ರತಿ ವರ್ಷ ಜೂನ್ ಕೊನೆಯ ವಾರದ ಸುಮಾರಿಗೆ, ಮಳೆ ಹಿಡಿದ ಮೇಲೆ, ಅಂಬುಬಾಚಿ. ದೇವಿ ಮುಟ್ಟಾಗಿದ್ದಾಳೆಂದು ಮೂರು ದಿನ ಗುಡಿಯ ಬಾಗಿಲು ಮುಚ್ಚುತ್ತಾರೆ. ಹೊಲದಲ್ಲಿ ಉಳುಮೆಯೂ ನಿಲ್ಲುತ್ತದೆ. ಥೇಟ್ ನಮ್ಮ ಕೆಡ್ಡಸ! ನಾಲ್ಕನೇ ದಿನ ದೇವಿಗೆ ಸ್ನಾನವಾಗಿ ಬಾಗಿಲು ತೆರೆಯುತ್ತದೆ. ಲಕ್ಷಗಟ್ಟಲೆ ಜನ ಬೆಟ್ಟ ಹತ್ತಿರುತ್ತಾರೆ. ಒರತೆಯ ನೀರು, ಕೆಂಪು ಬಟ್ಟೆಯ ಚೂರು, ಇವೇ ಪ್ರಸಾದ. ಎಲ್ಲರೂ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

ಇಷ್ಟು ಹೇಳಿ ಮುಗಿಸಿದರೆ ಚೆನ್ನಾಗಿತ್ತು. ಆದರೆ ಅದೇ ಮೂರು ದಿನ ವಿಧವೆಯರು ಬೇಯಿಸಿದ್ದನ್ನು ಉಣ್ಣದ ವ್ರತ ಹಿಡಿಯಬೇಕು. ಮುಟ್ಟಾದ ಹೆಣ್ಣು ಕಾಮಾಖ್ಯೆಯ ಗುಡಿಯೊಳಗೆ ಹೋಗುವ ರೂಢಿಯೂ ಇಲ್ಲ. ಮುಚ್ಚಿದ ಬಾಗಿಲನ್ನು ವಿಶ್ರಾಂತಿ ಎನ್ನೋಣವೇ, ಮೈಲಿಗೆ ಎನ್ನೋಣವೇ? ಎರಡೂ ಹೌದು ಎಂದೇ ನನಗೆ ಕಾಣುತ್ತದೆ. ತಂತ್ರ ರಕ್ತವನ್ನು ಶಕ್ತಿ ಎಂದಿತು, ಅರಸರು ಆ ಶಕ್ತಿಯನ್ನು ಬಳಸಿಕೊಂಡರು. ದೇವಿಗೆ ಸಂದ ಗೌರವ ಮಾತ್ರ ಬೆಟ್ಟವಿಳಿದು ಮನೆಯ ಹಿತ್ತಿಲ ಕೋಣೆಯವರೆಗೆ ಬರಲೇ ಇಲ್ಲ.

ಕಳೆದ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಪರವಾಗಿಲ್ಲ ಬಿಡು," ಎಂದರು. "ನಾಲ್ಕನೇ ದಿನ ಬಾಗಿಲ ಹೊರಗೆ ಕಾಯೋರಾದ್ರೂ ಇದ್ದಾರೆ."