ಬಂಗಾರಕ್ಕನ ಮರುಮಾತು: ತೊಗಲುಗೊಂಬೆಯಾಟದ ಪೋಲಿ ಹಾಸ್ಯ

ಜಾತಿ, ಮೈಬಣ್ಣ, ಮಾತಿನ ಧಾಟಿಯನ್ನು ಹಿಡಿದು ನಗಿಸುವ ವಯಸ್ಕರ ಕಾರ್ಟೂನುಗಳನ್ನು ಅಮೆರಿಕದ ಟೆಲಿವಿಷನ್ ತಂದ ಹೊಸ ಪಿಡುಗೆಂದು ನೋಡುವುದು ರೂಢಿಯಾಗಿದೆ. ‘ದಿ ಸಿಂಪ್ಸನ್ಸ್’ ಸರಣಿ ಆರಂಭವಾದದ್ದು 1989ರಲ್ಲಿ, ‘ಸೌತ್ ಪಾರ್ಕ್’ 1997ರಲ್ಲಿ. ಪರದೆಯ ಮೇಲೆ ಬಣ್ಣದ ಆಕೃತಿಗಳನ್ನು ಕುಣಿಸಿ, ದೊಡ್ಡವರಿಗೆಂದೇ ಪೋಲಿ ಮಾತು ಆಡಿಸುವ ಕಲೆ ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯದು. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಈ ಕಲೆಯ ಹಿರಿಯರು. ನಮ್ಮ ಕಲಬುರಗಿ ಸೀಮೆಯ ಸೇಡಂ, ಚಿಂಚೋಳಿಗಳ ಗಡಿಯಾಚೆಯ ತೆಲುಗರ ತೋಲುಬೊಮ್ಮಲಾಟದಲ್ಲೂ ಬಂಗಾರಕ್ಕನ ಹೆಸರು ಬದಲಾಗುವುದಿಲ್ಲ. ಅವಳ ಜೊತೆಗಾರರು ಮಾತ್ರ ಅಲ್ಲಿ ಕೇತಿಗಾಡು, ಜುಟ್ಟು ಪೋಲಿಗಾಡು. ಗಡಿಯ ಈಚೆಗೂ, ಚಿತ್ತಾಪುರದ ಸಂತೆಯಲ್ಲಿ, ವಾಡಿಯ ರೈಲು ಜಂಕ್ಷನ್ನಿನಲ್ಲಿ, ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ ಕನ್ನಡ, ತೆಲುಗು, ದಖನಿ, ಲಂಬಾಣಿ ಮಾತುಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಇಂಥ ಸೀಮೆಯಲ್ಲಿ ನಗೆಗೆ ಗುರಿಯಾಗುವವರು ಎಲ್ಲೋ ದೂರದವರಲ್ಲ, ಚಾಪೆಯ ಮೇಲೆ ಪಕ್ಕದಲ್ಲೇ ಕೂತವರು. ಆದ್ದರಿಂದ ಹಾಸ್ಯ ಹದ್ದು ಮೀರಿತೇ ಎಂಬುದನ್ನು ಬಳಸಿದ ಪದದಿಂದ ಅಳೆಯಲಾಗದು, ನಗೆಗೆ ಗುರಿಯಾದವರಿಗೆ ತಿರುಗಿ ಮಾತಾಡುವ ಎಡೆ ಇದೆಯೇ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ಗೊಂಬೆಯೇ ಸಾಕ್ಷಿ. ಹಳೆಯ ಮಾದರಿಯಲ್ಲಿ ದೇವರು, ರಾಜರ ಗೊಂಬೆಗಳು ಬಹುಪಾಲು ಒಂದೇ ಹಾಳೆಯ ತೊಗಲಿನಲ್ಲಿ ಕೊರೆದವು. ಪರದೆಯ ಮೇಲೆ ಗಂಭೀರವಾಗಿ ನಿಲ್ಲುವಂಥವು. ಕರಿಮೈ, ಗುಂಗುರು ಕೂದಲು, ಡೊಳ್ಳು ಹೊಟ್ಟೆಯ ಕಿಳ್ಳೇಕ್ಯಾತನಿಗಾದರೋ ಕೈಕಾಲಿಗೆ ಕೀಲುಗಳಿವೆ, ಕೆಲವು ಹಳೆಯ ಗೊಂಬೆಗಳಲ್ಲಿ ಜನನಾಂಗಕ್ಕೂ. ರಾಮ ರಾವಣರು ಗ್ರಂಥಸ್ಥ ಭಾಷೆಯಲ್ಲಿ ಮಾತಾಡಿದರೆ ಇವನದು ಊರಿನ ಆಡುಮಾತು. ಅವನು ಬೈದರೆ ಬಂಗಾರಕ್ಕ ಎರಡರಷ್ಟು ಬೈಯುತ್ತಾಳೆ. ಆಡಿಸುವ ಸಮುದಾಯದ ಹೆಸರೂ ಕಿಳ್ಳೇಕ್ಯಾತರು ಎಂದೇ, ಕೆಲವೆಡೆ ಶಿಳ್ಳೇಕ್ಯಾತರು. ಮನೆಯಲ್ಲಿ ಮರಾಠಿಯ ಒಂದು ರೂಪವನ್ನು ಆಡುವ ಇವರ ಬಗ್ಗೆ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ದಾಖಲಿಸಿದ ಥರ್ಸ್ಟನ್ 1909ರಲ್ಲೇ ಬರೆದಿದ್ದಾನೆ. ತಮ್ಮ ಹೆಸರನ್ನೇ ಕೋಡಂಗಿಗೆ ಕೊಟ್ಟ ಜನ ನಗೆಯನ್ನು ತಮ್ಮ ಮೈಯಿಂದಲೇ ಶುರುಮಾಡಿದ್ದಾರೆ. ‘ಸಿಂಪ್ಸನ್ಸ್’ನ ಭಾರತೀಯ ಅಂಗಡಿಕಾರ ಅಪುವಿನ ಪಾಡು ಬೇರೆ. ಅವನಿಗೆ ದನಿ ಕೊಟ್ಟ ಹ್ಯಾಂಕ್ ಅಜಾರಿಯಾ ಭಾರತೀಯ ಮೂಲದವರಲ್ಲ. ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ಮಾಡಿ ಆಕ್ಷೇಪಿಸಿದ ಮೇಲೆ, 2020ರಲ್ಲಿ ಅಜಾರಿಯಾ ಆ ಪಾತ್ರವನ್ನು ಬಿಟ್ಟರು. ಸರಣಿಯೊಳಗೆ ಸಿಗದ ಮರುಮಾತು ಸರಣಿಯ ಹೊರಗಿನಿಂದ, ಸುಮಾರು ಮೂರು ದಶಕ ತಡವಾಗಿ ಬಂತು.

ಬಡ ಅಲೆಮಾರಿಗಳು ಊರ ಗೌಡರ ಮುಂದೆ ತಮ್ಮನ್ನೇ ಹಾಸ್ಯಕ್ಕೊಡ್ಡಿಕೊಂಡದ್ದು ಸ್ವಾತಂತ್ರ್ಯವಲ್ಲ, ಹೊಟ್ಟೆಪಾಡು ಎಂಬ ಆಕ್ಷೇಪವಿದೆ. ಅದು ನಿಜವೇ; ಕಿಳ್ಳೇಕ್ಯಾತ ಎಂಬುದು ಇಂದು ಬೈಗುಳವಾಗಿಯೂ ಬಳಕೆಯಾಗುತ್ತಿರುವುದು ಆ ನಗೆಗೆ ಅವರು ತೆತ್ತ ಬೆಲೆ, ಅದನ್ನು ಮರೆಮಾಚಿ ಕಲೆಯನ್ನು ಹೊಗಳುವುದು ಅನ್ಯಾಯ. ಆದರೂ ಮಳೆ ಬಾರದಾಗ ಊರೇ ಕರೆದು ಆಡಿಸುತ್ತಿದ್ದ ಆಟ ಇದು. ಹಾಗೆ ಕರೆಸಿದ ಊರು, ಬೇರೆ ದಿನ ಯಾರೂ ಎದುರು ನುಡಿಯಲಾಗದ ಮಾತನ್ನು ಆ ರಾತ್ರಿ ಪರದೆಯ ಹಿಂದಿನಿಂದ ಕೇಳಿಸಿಕೊಳ್ಳುತ್ತಿತ್ತು. ಬಂಗಾರಕ್ಕನ ಪ್ರಸಂಗಗಳು ಹೆಣ್ಣನ್ನು ಹೀನಾಯ ಮಾಡುತ್ತವೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೆ ಮೇಳಗಳಲ್ಲಿ ಹೆಂಗಸರು ಹಾಡುತ್ತಾರೆ, ಹೆಣ್ಣು ಪಾತ್ರಗಳಿಗೆ ದನಿ ಕೊಡುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ಬೈಗುಳ ಹೆಣ್ಣಿನ ಬಾಯಿಂದಲೇ ತಿರುಗಿ ಬರುವಾಗ ಜಗಳ ಸಮಬಲದ್ದಾಗುತ್ತದೆ. ಗಂಡಸೊಬ್ಬನೇ ಎರಡೂ ದನಿ ಹೊರಡಿಸುವ ಕಡೆ ನನ್ನ ವಾದಕ್ಕೆ ಅಷ್ಟು ಬಲವಿಲ್ಲ. ಕರಿಮೈಯ ವಿಷಯದಲ್ಲಂತೂ ಆ ಬಲ ಇಲ್ಲವೇ ಇಲ್ಲ. ಬಂಗಾರಕ್ಕ ಗಂಡನ ಸೋಮಾರಿತನಕ್ಕೂ ಪೋಲಿತನಕ್ಕೂ ಉತ್ತರ ಕೊಡುತ್ತಾಳೆ, ಅವನ ಬಣ್ಣವನ್ನು ನೋಡಿ ನಗುವವರಿಗೆ ಉತ್ತರಿಸುವ ಗೊಂಬೆಯನ್ನು ಮಾತ್ರ ಇನ್ನೂ ಕೊರೆಯಬೇಕಿದೆ.